ಶಾಲು ಹೊದಿಸಿದ ಮೇಲೆ

ನಮ್ಮ ಕಡೆ ಯಾರದಾದರೂ ಬಾಯಿ ಮುಚ್ಚಿಸಬೇಕೆಂದರೆ ಬೈಯುವುದಿಲ್ಲ, ಕರೆದು ಸನ್ಮಾನ ಮಾಡುತ್ತಾರೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಕೆಲಸದಿಂದ ನಿವೃತ್ತಳಾದ ಮೇಲೆ ತುಮಕೂರು ಜಿಲ್ಲೆಯ ಸಭೆ ಸಮಾರಂಭಗಳಲ್ಲಿ ನಿರೂಪಣೆ ಮಾಡಿಕೊಂಡು ಬಂದವಳು ನಾನು. ಯಾರು ಯಾವಾಗ ದೀಪ ಹಚ್ಚಬೇಕು, ಯಾರಿಗೆ ಯಾರು ಹಾರ ಹಾಕಬೇಕು ಎಂದು ವೇದಿಕೆಯ ಮೂಲೆಯಲ್ಲಿ ನಿಂತು ಮೈಕಿನಲ್ಲಿ ಹೇಳುವ ಕೆಲಸ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ಪಳಗಿದ ಗಂಟಲು, ಕರೆಂಟು ಹೋದರೂ ಕೊನೆಯ ಸಾಲಿಗೆ ಕೇಳಿಸುತ್ತದೆ ಎಂದು ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು.

ಸದಾಶಿವನಗರದ ನಮ್ಮ ಮನೆಯ ಬೀರುವಿನಲ್ಲಿ ಒಂದು ಅರೆ ತುಂಬ ಬರೀ ಶಾಲುಗಳೇ. ಅರ್ಧ ನನ್ನವು, ಅರ್ಧ ನಮ್ಮ ಯಜಮಾನರವು. ಅವರು ಬಡಾವಣೆಯ ಸಂಘದಲ್ಲಿ ಓಡಾಡಿಕೊಂಡಿದ್ದವರು. ಒಂದು ವರ್ಷ ನಮ್ಮ ರಸ್ತೆಯ ಚರಂಡಿ ಕಟ್ಟಿಕೊಂಡಿತೆಂದು ಎಲ್ಲರ ಮೇಲೂ ಜಗಳ ತೆಗೆದರು. ಆ ಸಲದ ರಾಜ್ಯೋತ್ಸವಕ್ಕೆ ಇವರನ್ನೇ ಕರೆದು, ಪೇಟ ತೊಡಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸಿದರು. ಪೇಟ ತೊಟ್ಟುಕೊಂಡೇ ಮನೆಗೆ ಬಂದ ಮಹಾರಾಯರು ಮತ್ತೆ ಚರಂಡಿಯ ಹೆಸರೆತ್ತಲಿಲ್ಲ. ಕೇಳಿದರೆ, “ಅಷ್ಟು ಮರ್ಯಾದೆ ಕೊಟ್ಟವ್ರ ಮುಂದೆ ಹೋಗಿ ಮತ್ತೆ ಕೂಗಾಡಕ್ಕಾಗುತ್ತೇನೇ?” ಎಂದರು. ಬುಟ್ಟಿಯಲ್ಲಿ ಮೇಲೆ ನಾಲ್ಕು ಸೇಬು ಬಿಟ್ಟರೆ ಕೆಳಗೆಲ್ಲ ಪೇಪರ್ ಉಂಡೆ. ಚರಂಡಿ ಇವತ್ತಿಗೂ ಹಾಗೇ ಇದೆ, ನಾವು ಮೂಗು ಮುಚ್ಚಿಕೊಂಡು ಓಡಾಡುತ್ತೇವೆ.

ಆಗ ನನಗೆ ನಗು ಬಂದಿತ್ತು. ಕುಣಿಗಲ್ ತಾಲ್ಲೂಕಿನ ಆ ಹೆಂಗಸನ್ನು ಕಂಡ ಮೇಲೆ ನಗು ಬರುವುದು ನಿಂತುಹೋಯಿತು.

ಜನ ಮನೆಯಲ್ಲಿ ಕೂತು ಗೊಣಗುವುದು ಬಿಟ್ಟು ಗ್ರಾಮಸಭೆಗೆ ಬರಬೇಕು, ತಮ್ಮೂರಿಗೆ ಏನು ಬೇಕೆಂದು ಎದ್ದು ನಿಂತು ಕೇಳಬೇಕು ಎಂದು ಕೆಲವು ವರ್ಷಗಳ ಹಿಂದೆ ರಾಜ್ಯದ ತುಂಬ ಒಂದು ಅಭಿಯಾನ ನಡೆಯಿತು. ಉದ್ದೇಶ ಒಳ್ಳೆಯದೇ. ನಮ್ಮ ಜಿಲ್ಲೆಯ ದೊಡ್ಡ ಸಭೆಗಳಿಗೆಲ್ಲ ನಿರೂಪಣೆ ನನ್ನ ಪಾಲಿಗೆ ಬಂತು. ಮೊದಲನೆಯದೇ ಮಾರ್ಕೋನಹಳ್ಳಿ ಜಲಾಶಯದ ನಾಲೆ ಹರಿಯುವ ಒಂದು ಹಳ್ಳಿಯಲ್ಲಿ. ಊರಿಗೂ ಟಾರು ರಸ್ತೆಗೂ ನಡುವೆ ನಾಲೆ, ಅದರ ಮೇಲೊಂದು ಕಿರಿದಾದ ಸೇತುವೆ. ಎರಡೂ ಬದಿಗೆ ತಡೆಗೋಡೆಯಿಲ್ಲ, ಒಂದು ಕಂಬಿಯೂ ಇಲ್ಲ. ಕಾರು ಅದರ ಮೇಲೆ ಹತ್ತಿದ ಕೂಡಲೇ ಅಲ್ಲಿಯತನಕ ಒಂದೇ ಸಮ ಮಾತಾಡುತ್ತಿದ್ದ ಡ್ರೈವರ್ ಸುಮ್ಮನಾದ. ನಾನು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೆಳಗೆ ನೀರು ದಡ ಮುಟ್ಟಿ ಹರಿಯುತ್ತಿತ್ತು.

ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಪ್ರಾರ್ಥನೆ, ಸ್ವಾಗತ, ದೀಪ, ಗಣ್ಯರಿಗೆಲ್ಲ ಹಾರ ಶಾಲು, ಗಣ್ಯರ ಜೊತೆ ಬಂದವರಿಗೂ ಹಾರ ಶಾಲು. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಹಿಂದಿನ ಸಾಲುಗಳಲ್ಲಿ ಅಡುಗೆಯ ವಾಸನೆಗೆ ತಲೆಗಳು ತಿರುಗತೊಡಗಿದ್ದವು. ಸಭೆ ಯಾತಕ್ಕೆ ಸೇರಿದ್ದೋ ಆ ಕೆಲಸ ಕಡೆಗೆ ಉಳಿದಿತ್ತು. ಊರಿನವರು ಈಗ ತಮ್ಮ ಅಹವಾಲು ಹೇಳಬಹುದು ಎಂದೆ. ಯಾರೂ ಕದಲಲಿಲ್ಲ. ಆಮೇಲೆ ಹೆಂಗಸರ ಕಡೆಯಿಂದ ಒಬ್ಬಳು ಎದ್ದಳು. ಸ್ತ್ರೀಶಕ್ತಿ ಸಂಘದವಳು, ಹೆಚ್ಚೆಂದರೆ ನಲವತ್ತಿರಬಹುದು. ಸೆರಗು ಹೊದ್ದುಕೊಂಡು ಮುಂದೆ ಬಂದಳು. ಮೈಕ್ ಎತ್ತರದಲ್ಲಿತ್ತು, ನಾನೇ ಬಗ್ಗಿಸಿ ಕೊಟ್ಟೆ.

“ಎಲ್ರಿಗೂ ನಮಸ್ಕಾರ” ಎಂದು ಶುರು ಮಾಡಿದಳು. ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. “ನಮ್ಮ ಯಜಮಾನ್ರು ಹಿರೇಹಳ್ಳಿ ಫ್ಯಾಕ್ಟ್ರಿಗೆ ಹೋಗ್ತಾರೆ. ಕುಣಿಗಲ್ ಗಂಟ ಕಂಪ್ನಿ ಬಸ್ಸು, ಅಲ್ಲಿಂದ ಗಾಡೀಲಿ ಬರ್ತಾರೆ. ಶಿಫ್ಟ್ ಮುಗ್ಸಿ ಬರೋಷ್ಟ್ರಲ್ಲಿ ಕತ್ಲಾಗಿರುತ್ತೆ. ನಮ್ಮೂರ್ ಸೇತ್ವೆ…”

ಅಷ್ಟರಲ್ಲಿ ಪಂಚಾಯಿತಿ ಅಧ್ಯಕ್ಷರು ಕುರ್ಚಿಯಿಂದ ಎದ್ದೇಬಿಟ್ಟರು. “ನೋಡ್ರಪ್ಪ, ನೋಡಿ! ಇಂಥ ಹೆಣ್ಮಗ್ಳು ಬೇಕು ಊರಿಗೆ. ಇಷ್ಟು ಜನ ಗಂಡಸ್ರು ಕೂತವ್ರೆ, ಒಬ್ನಾದ್ರೂ ಎದ್ನಾ? ಈ ತಾಯಿಗೆ ಈಗ್ಲೇ ಸನ್ಮಾನ ಮಾಡ್ಬೇಕು” ಎಂದರು. ಬಾರದೇ ಇದ್ದ ಗಣ್ಯರೊಬ್ಬರ ಪಾಲಿನ ಶಾಲು ಮೇಜಿನ ಮೇಲೆ ಮಿಕ್ಕಿತ್ತು. ಅದನ್ನು ತೆಗೆದು ಆಕೆಗೆ ಹೊದಿಸಿದರು. ಪಂಚಾಯಿತಿಯ ಮಹಿಳಾ ಸದಸ್ಯೆಯೊಬ್ಬರು ತಟ್ಟೆ ತಂದು ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಬಳೆ ಮತ್ತು ರವಿಕೆ ಕಣ ಕೊಟ್ಟರು. ಜೋರಾದ ಚಪ್ಪಾಳೆ ಬರಲಿ ಎಂದು ಮೈಕಿನಲ್ಲಿ ನಾನು ಹೇಳಿದೆ. ಬಂತು.

ಆಕೆ ಇನ್ನೂ ಮೈಕನ್ನೇ ನೋಡುತ್ತ ನಿಂತಿದ್ದಳು. ಆದರೆ ಶಾಲು ಹೊದಿಸಿದ ಮೇಲೆ ನಮ್ಮ ಸಭೆಗಳಲ್ಲಿ ಯಾರೂ ಮಾತು ಮುಂದುವರಿಸುವುದಿಲ್ಲ, ಕೈಮುಗಿದು ಹೋಗಿ ಕೂರುತ್ತಾರೆ. ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಆಕೆಯೂ ಕೈಮುಗಿದು ಹೋಗಿ ಕೂತಳು.

ಹೊರಡುವಾಗ ಕಾರಿನ ಹತ್ತಿರ ಬಂದಳು. “ಮೇಡಮ್ಮೋರೆ, ನಾನ್ ಹೇಳಿದ್ದು ಅವ್ರಿಗೆ ಗೊತ್ತಾಯ್ತಾ?”

“ನೀನು ಹೇಳಿ ಮುಗಿಸಲೇ ಇಲ್ವಲ್ಲಮ್ಮ.”

“ಎಲ್ಲಿ ಬಿಟ್ರು?” ಎಂದು ನಕ್ಕಳು. “ಸೇತ್ವೆಗೊಂದು ಕಂಬಿ ಹಾಕ್ಸಿ ಅಂತ. ಅಷ್ಟೇಯ.”

ಕಾರಿನಲ್ಲಿ ನನ್ನ ಪಕ್ಕ ಕೂತಿದ್ದ ಅಭಿಯಾನದ ಅಧಿಕಾರಿಗೆ ಅದನ್ನು ಹೇಳಿದೆ. ಅವನು ಆಗಲೇ ಸನ್ಮಾನದ ಫೋಟೋವನ್ನು ಯಾರಿಗೋ ಕಳಿಸುತ್ತಿದ್ದ. “ಸೂಪರ್ ಸಭೆ ಮೇಡಂ ಇದು. ಸ್ಟೇಟ್ ಲೆವೆಲ್‌ಗೆ ಹೋಗುತ್ತೆ” ಎಂದ. ಸೇತುವೆ ನೀರಾವರಿ ಇಲಾಖೆಯವರದು, ರಸ್ತೆ ಪಂಚಾಯಿತಿಯದು, ನೋಡೋಣ ಎಂದ. ಕಾರು ಮತ್ತೆ ಆ ಸೇತುವೆ ದಾಟುವಾಗ ಅವನೂ ಬಾಗಿಲಿನ ಹಿಡಿ ಹಿಡಿದುಕೊಂಡಿದ್ದ, ನಾನು ನೋಡಿದೆ.

ಸ್ಟೇಟ್ ಲೆವೆಲ್‌ಗೆ ಹೋಯಿತೋ ಇಲ್ಲವೋ, ಆ ಫೋಟೋ ಜಿಲ್ಲೆಯನ್ನೆಲ್ಲ ಸುತ್ತಿತು. ಗುಬ್ಬಿಯಲ್ಲಿ ಬೇರೆ ಬೇರೆ ತಾಲ್ಲೂಕಿನ ಸಂಘದ ಹೆಂಗಸರಿಗೆ ತರಬೇತಿ ಇಟ್ಟಾಗ, ಧೈರ್ಯವಾಗಿ ಎದ್ದು ಮಾತಾಡಿದ ಮಾದರಿ ಮಹಿಳೆ ಎಂದು ಆಕೆಯನ್ನು ಕರೆಸಿದರು. ಗಂಡನೇ ಬೈಕಿನಲ್ಲಿ ಕೂರಿಸಿಕೊಂಡು ಅಷ್ಟು ದೂರ ಬಂದಿದ್ದ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಶರ್ಟು. ಒಳಗೆ ಬಂದು ಕೂರಪ್ಪ ಎಂದರೂ ಬರದೆ ಸಮುದಾಯ ಭವನದ ಕಿಟಕಿಯ ಹೊರಗೇ ನಿಂತಿದ್ದ. “ನಮ್ಮನೆಯವ್ಳು ಭಾಷ್ಣ ಮಾಡ್ತಾಳೆ ಅಂತ ರಜಾ ಹಾಕ್ ಬಂದೆ ಮೇಡಂ” ಎಂದು ನಾಚಿಕೊಂಡು ಹೇಳಿದ. ನನಗೆ ಆತನ ಮೇಲೆ ಅಲ್ಲೇ ಅಕ್ಕರೆ ಬಂತು.

ವೇದಿಕೆ ಹತ್ತುವ ಮುಂಚೆ ತರಬೇತುದಾರ ಆಕೆಯನ್ನು ಪಕ್ಕಕ್ಕೆ ಕರೆದು, “ಪ್ರಾಬ್ಲಮ್ ಹೇಳ್ಬೇಡಿ ಅಮ್ಮ, ಸಕ್ಸಸ್ ಹೇಳಿ” ಎಂದ.

“ಸಕ್ಸಸ್ ಅಂದ್ರೆ ಯಾವ್ದು?”

“ಮುಂಚೆ ನೀವು ಸಭೇಲಿ ಮಾತಾಡ್ತಾ ಇರ್ಲಿಲ್ಲ, ಈಗ ಮಾತಾಡ್ತೀರಿ. ಅದೇ ಸಕ್ಸಸ್.”

ಆಕೆ ಅದನ್ನೇ ಹೇಳಿದಳು. ಮುಂಚೆ ಮಾತಾಡ್ತಿರ್ಲಿಲ್ಲ, ಈಗ ಮಾತಾಡ್ತೀನಿ ಎಂದಳು. ಏನು ಮಾತಾಡಿದಿ ಎಂದು ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಮತ್ತೊಂದು ಶಾಲು ಬಂತು. ಕಿಟಕಿಯ ಹೊರಗಿನಿಂದ ಗಂಡ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

ಊಟಕ್ಕೆ ಕೂತಾಗ ಆಕೆ ಊರಿನ ಸುದ್ದಿ ಹೇಳಿದಳು. ಕಂಬಿಯ ವಿಷಯಕ್ಕೆ ಪಂಚಾಯಿತಿ ಆಫೀಸಿಗೆ ಹೋಗಿದ್ದಳಂತೆ. ಅಧ್ಯಕ್ಷರು ಕುರ್ಚಿ ಕೊಟ್ಟು ಕೂರಿಸಿ, ಟೀ ತರಿಸಿ, “ಬೇರೆಯೋರು ಕೇಳಿದ್ರೆ ಬೇರೆ ಮಾತು. ಊರಿಗೇ ಹೆಸ್ರು ತಂದೋಳು ನೀನು, ನೀನೇ ಬಂದು ಹಿಂಗಂದ್ರೆ ಪಂಚಾಯ್ತಿ ಮರ್ಯಾದೆ ಏನಾಯ್ತದವ್ವ?” ಎಂದರಂತೆ. ಸಂಘದ ಹೆಂಗಸರನ್ನು ಜೊತೆಗೆ ಕರೆದರೆ ಅವರೂ ಬರಲಿಲ್ಲ.

“ಶಾಲು ನಿಂಗೆ, ಓಡಾಟ ನಮ್ಗಾ ಅಂತಾರೆ ಮೇಡಮ್ಮೋರೆ. ನಾನೇನ್ ಶಾಲು ಕೇಳಿದ್ನಾ?”

ಗಂಡ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ. “ಬುಡು, ಆದಾಗ ಆಯ್ತದೆ. ಹುಟ್ಟಿದಾಗ್ಲಿಂದ ಅದ್ರ ಮೇಲೇ ಓಡಾಡಿಲ್ವಾ ನಾನು?” ಎಂದ. ಆಕೆ ತನ್ನ ತಟ್ಟೆಯ ಹಪ್ಪಳ ತೆಗೆದು ಅವನ ತಟ್ಟೆಗಿಟ್ಟಳು.

ತುಮಕೂರಿನ ಜಿಲ್ಲಾ ಸಮಾವೇಶದಲ್ಲಿ ಆಕೆಗೆ ಗಾಜಿನ ಸ್ಮರಣಿಕೆ ಕೊಡುವುದಿತ್ತು. ಈ ಸಲ ಏನಾದರಾಗಲಿ ಎಂದು, ಶಾಲು ಹೊದಿಸುವ ಮೊದಲೇ ನಾನು ಆಕೆಯ ಕೈಗೆ ಮೈಕ್ ಕೊಟ್ಟೆ. ಇವರ ಮಾತು ಪೂರ್ತಿ ಕೇಳೋಣ ಎಂದು ಸಭೆಗೆ ಹೇಳಿಯೂ ಬಿಟ್ಟೆ. ಸಂಘಟಕರು ಮೊದಲ ಸಾಲಿನಿಂದ ನನ್ನತ್ತ ಕಣ್ಣು ಕೆಂಪು ಮಾಡಿದರು. ಆಕೆಯ ಮಾತು ಹಿರೇಹಳ್ಳಿ ಫ್ಯಾಕ್ಟರಿಯವರೆಗೆ ಬಂದಿತ್ತು, ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಉದ್ಘಾಟಕರು ತಡವಾಗಿ ಆಗಮಿಸಿದ್ದರು. ಸಭೆಗೆ ಸಭೆಯೇ ಎದ್ದು ನಿಂತಿತು. ಆಮೇಲೆ ಆಕೆಗೆ ಸ್ಮರಣಿಕೆ ಸಿಕ್ಕಿತು, ಮೈಕ್ ಸಿಗಲಿಲ್ಲ. ಆ ದಿನ ನನಗೆ ಬಂದ ಸಿಟ್ಟನ್ನು ಮನೆಗೆ ಹೋಗಿ ಯಜಮಾನರ ಮೇಲೆ ತೀರಿಸಿಕೊಂಡೆ. ಆ ಪೇಟವನ್ನು ಶೋಕೇಸಿನಿಂದ ತೆಗೆದು ಅಟ್ಟಕ್ಕೆ ಎಸೆದೆ, ಪಾಪ, ಅವರಿಗೆ ಕಾರಣವೇ ತಿಳಿಯಲಿಲ್ಲ.

ಮುಂದಿನ ಮಳೆಗಾಲ ನಾಲೆಗೆ ಮತ್ತೆ ನೀರು ಬಿಟ್ಟಾಗ ಫೋನ್ ಬಂತು. ಮಾಡಿದವರು ಆ ಊರಿನ ಮಹಿಳಾ ಸದಸ್ಯೆ. “ಮೇಡಂ, ನಮ್ಮೂರ್ ಸನ್ಮಾನದೋಳು ಇದಾಳಲ್ಲ, ಅವ್ಳ ಗಂಡ ಹೋಗ್ಬಿಟ್ಟ” ಎಂದರು. ಊರಿನಲ್ಲಿ ಆಕೆಗೆ ಆ ಹೆಸರೇ ನಿಂತುಬಿಟ್ಟಿತ್ತು. ಶಿಫ್ಟ್ ಮುಗಿಸಿ ಬರುತ್ತಿದ್ದವನು ಸೇತುವೆಯ ಮೇಲೆ ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಕೊಡಲು ಬದಿಗೆ ಸರಿದನಂತೆ. ಸರಿಯಲು ಅಲ್ಲಿ ಬದಿಯೇ ಇರಲಿಲ್ಲ. ಬೈಕು ಸೇತುವೆಯ ಕೆಳಗೇ ಸಿಕ್ಕಿತು, ಅವನು ಬೆಳಿಗ್ಗೆ ಎಷ್ಟೋ ದೂರದಲ್ಲಿ ತೂಬಿನ ಹತ್ತಿರ ಸಿಕ್ಕಿದ.

ನಾನು ಹೋಗಿದ್ದೆ. ಆಕೆ ಅಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು. ಎದುರಿನ ಗೂಡಿನಲ್ಲಿ ಗಾಜಿನ ಸ್ಮರಣಿಕೆ ಇತ್ತು, ಯಾರೋ ಅದರ ಮೇಲೊಂದು ಟವೆಲ್ ಹಾಕಿದ್ದರು. ಜಿಲ್ಲೆಗೆಲ್ಲ ಮಾತಾಡುವವಳು, ಆಕೆಯ ಕೈ ಹಿಡಿದುಕೊಂಡು ಅತ್ತು ಬಂದೆ.

ಆಮೇಲೆ ನೋಡಿ, ಸೇತುವೆ ಯಾರದು, ರಸ್ತೆ ಯಾರದು ಎಂಬ ತಕರಾರೇ ಬರಲಿಲ್ಲ. ನೋಡನೋಡುತ್ತಲೇ ಸೇತುವೆಯ ಎರಡೂ ಬದಿಗೆ ಕಬ್ಬಿಣದ ಕಂಬಿ ಬಂತು, ಕಂಬಿಗೆ ಹಳದಿ ಕಪ್ಪು ಬಣ್ಣವೂ ಬಂತು. ಲೋಕಾರ್ಪಣೆಗೆ ಸಮಾರಂಭ ಇಟ್ಟು, ನಿರೂಪಣೆಗೆ ನನ್ನನ್ನೇ ಕರೆದರು. ಬರುವುದಿಲ್ಲ ಎಂದಿದ್ದೆ. ಆಕೆಯನ್ನೂ ಕರೆದಿದ್ದೇವೆ, ಸನ್ಮಾನ ಇದೆ ಎಂದರು. ಆಕೆ ಅಲ್ಲಿ ಒಬ್ಬಳೇ ಇರುವುದು ಬೇಡ ಎಂದು ಹೋದೆ.

ವೇದಿಕೆಯ ಹಿಂದೆ ತಟ್ಟೆ ಜೋಡಿಸುತ್ತಿದ್ದರು. ಎಂದಿನಂತೆ ಶಾಲು, ಹಣ್ಣು, ರವಿಕೆ ಕಣ, ಬಳೆ, ಹೂವು, ಅರಿಶಿನ ಕುಂಕುಮದ ಪೊಟ್ಟಣ. ಅದೇ ಮಹಿಳಾ ಸದಸ್ಯೆ ಬಂದು ತಟ್ಟೆಯನ್ನು ಒಂದು ಕ್ಷಣ ನೋಡಿದರು. ನೋಡಿ, ಕುಂಕುಮ ತೆಗೆದರು. ಬಳೆ ತೆಗೆದರು. ಹೂವು ತೆಗೆದು ಎಲ್ಲವನ್ನೂ ಒಂದು ಕವರಿಗೆ ಹಾಕಿ ಮೇಜಿನ ಕೆಳಗೆ ಸರಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು.

“ಯಾಕ್ರೀ ತೆಗೀತೀರಾ ಅದನ್ನ?”

“ಇಟ್ರೆ ಅವ್ಳಿಗೇ ಸಂಕ್ಟ ಆಗುತ್ತಲ್ವಾ ಮೇಡಂ” ಎಂದರು. ಅವರ ಕಣ್ಣಲ್ಲೂ ನೀರಿತ್ತು. ನಾನು ಮೈಕಿನ ಹತ್ತಿರ ಹೋದೆ.

ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ಗಣ್ಯರಿಗೆಲ್ಲ ಹಾರ ಶಾಲು ಆಯಿತು. ಆಕೆಯನ್ನು ಕರೆದೆ. ಬೋಳು ಹಣೆಯಲ್ಲಿ ಮೆಟ್ಟಿಲು ಹತ್ತಿ ಬಂದಳು. ಅಧ್ಯಕ್ಷರು ಶಾಲು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಎದ್ದರು. ಆಕೆ ತಟ್ಟೆಯನ್ನು ನೋಡಿದಳು. ಅದರಲ್ಲಿ ಏನಿಲ್ಲ ಎಂಬುದು ಆಕೆಗೆ ನೋಡಿದ ಕೂಡಲೇ ತಿಳಿಯಿತು.

“ಶಾಲು ಆಮೇಲೆ ಹೊದ್ಸಿ ಅಣ್ಣ” ಎಂದಳು. “ಅವತ್ತು ನನ್ ಮಾತು ಮುಗ್ದಿರ್ಲಿಲ್ಲ.”

ನಾನು ಮೈಕ್ ಬಗ್ಗಿಸಿ ಕೊಟ್ಟೆ. ಅಧ್ಯಕ್ಷರು ಶಾಲು ಹಿಡಿದುಕೊಂಡೇ ನಿಂತರು. ಈ ಸಲ ಆಕೆಯ ದನಿ ನಡುಗಲಿಲ್ಲ.

“ಎಲ್ರಿಗೂ ನಮಸ್ಕಾರ. ನಮ್ಮ ಯಜಮಾನ್ರು ಹಿರೇಹಳ್ಳಿ ಫ್ಯಾಕ್ಟ್ರಿಗೆ ಹೋಗ್ತಾರೆ. ಕುಣಿಗಲ್ ಗಂಟ ಕಂಪ್ನಿ ಬಸ್ಸು, ಅಲ್ಲಿಂದ ಗಾಡೀಲಿ ಬರ್ತಾರೆ. ಶಿಫ್ಟ್ ಮುಗ್ಸಿ ಬರೋಷ್ಟ್ರಲ್ಲಿ ಕತ್ಲಾಗಿರುತ್ತೆ. ನಮ್ಮೂರ್ ಸೇತ್ವೆಗೆ ಒಂದು ಕಂಬಿ ಹಾಕ್ಸ್ಕೊಡಿ. ಅಷ್ಟೇಯ.”

ಮೈಕನ್ನು ನನ್ನ ಕಡೆ ತಿರುಗಿಸಿ, ಮೆಟ್ಟಿಲಿಳಿದು, ಮನೆಯ ಕಡೆ ನಡೆದುಹೋದಳು. ನನ್ನ ಹಾಳೆಯಲ್ಲಿ ಮುಂದಿನದು ವಂದನಾರ್ಪಣೆ ಎಂದಿತ್ತು. ಹಾಳೆಯನ್ನು ಮಡಿಚಿಬಿಟ್ಟೆ. ಆಮೇಲೆ ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಉಳಿದವರೆಲ್ಲ ತಟ್ಟಿದರು.