ಕೂಸಪ್ಪ ಡ್ರೈವರರ ಹೊದಿಕೆ

ಹೊಸಂಗಡಿಯಿಂದ ಬಾಯಾರಿಗೆ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು ಕೂಸಪ್ಪಣ್ಣ. ಆ ದಾರಿಯ ತಿರುವುಗಳನ್ನೆಲ್ಲ ಬಿಡಿಸಿ ನೆಟ್ಟಗೆ ಹಾಸಿದರೆ ಕಾಶಿಗೆ ಹೋಗಿ ವಾಪಸು ಬರುವಷ್ಟು ರಸ್ತೆ ಸಿಕ್ಕೀತು. ಅದನ್ನೆಲ್ಲ ಪಳಗಿಸಿದ ಕೈಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಒಂದು ಹೊಲಿಗೆ ಮಿಷನ್ ಬಗ್ಗಲಿಲ್ಲ.

ಮಿಷನ್ ಹೆಂಡತಿ ಮೋಹಿನಿಯದು, ಮೋಟಾರು ಹಾಕಿಸಿದ್ದು. ಆಕೆ ಹೋಗಿ ಎಂಟು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಉತ್ತರಕ್ರಿಯೆಗೆ ಬಂದು ಬೊಜ್ಜದ ಊಟ ಮುಗಿಸಿದ ನೆಂಟರು ಒಳ್ಳೊಳ್ಳೆಯ ಸೀರೆಗಳನ್ನು ನೆನಪಿಗೆಂದು ಹಂಚಿಕೊಂಡು ಹೋದರು. ಉಳಿದದ್ದು ನಾಲ್ಕು ಹತ್ತಿಯ ಸೀರೆ, ಮತ್ತೆ ಗೋಡೆಯ ಹಲ್ಲಿಗೂ ಲೊಚಗುಟ್ಟಲು ಸಂಕೋಚವಾಗುವಂಥ ಒಂದು ಮನೆ.

ಸೀರೆ ಮಡಚಿ, ನಡುವೆ ಹಳೆಯ ಬೆಡ್‌ಶೀಟ್ ಇಟ್ಟು, ಬಳ್ಳಿ ಹಬ್ಬಿದ ಹಾಗೆ ಹೊಲಿದರೆ ಹೊದೆಯಲಿಕ್ಕಾಗುತ್ತದೆ ಎಂದವಳು ಪಕ್ಕದ ಮನೆಯ ಟೈಲರ್ ಚಿತ್ರಾ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಮಿಷನ್ನಿನ ಹಲ್ಲುಗಳನ್ನು ಇಳಿಸಿಬಿಡಬೇಕು. ಆಮೇಲೆ ಸೂಜಿ ನಿಂತಲ್ಲೇ ಕುಟ್ಟುತ್ತದೆ; ಬಟ್ಟೆಯನ್ನು ಬೇಕಾದ ಕಡೆ ತಿರುಗಿಸುವುದು ನಮ್ಮ ಎರಡು ಕೈ.

"ಸ್ಟೇರಿಂಗಿನ ಹಾಗೆ, ಅಲ್ವಾ?" ಎಂದರು ಕೂಸಪ್ಪಣ್ಣ. ಮುಂದಿನದನ್ನು ಕೇಳಲಿಲ್ಲ.

ಮೊದಲ ಸೀರೆ ಹಾಳಾಯಿತು. ಎರಡನೆಯದರಲ್ಲಿ ಸೂಜಿ ಮುರಿದು ಕಿಟಕಿಯಾಚೆ ಹಾರಿತು. ಆಚೆಮನೆಯ ಹುಂಜ ಆ ದಿನದಿಂದ ಈ ದಿಕ್ಕಿಗೆ ಮುಖ ಹಾಕಿ ಕೂಗಿಲ್ಲ. ಮೂರನೆಯದು ಹಾಳಾದ ಮೇಲೆ ಚಿತ್ರಾಳನ್ನು ಕರೆದರು.

"ಎಂತ ಮಾರಾಯ್ರೆ ಇದು?"

"ಬಳ್ಳಿ."

"ಬಳ್ಳಿಯಲ್ಲಿ ಗೇಣಿಗೊಂದು ಗೆಡ್ಡೆ ಉಂಟಲ್ಲ! ಒಮ್ಮೆ ಹೊಲಿಯಿರಿ, ನೋಡುವ."

ಹೊಲಿದರು. ಗೇಣುದ್ದ ಚಂದವಾಗಿ ಹೋಯಿತು. ಅಲ್ಲಿ ಕೈ ನಿಂತಿತು, ಕಾಲು ಪೆಡಲಿನ ಮೇಲೆಯೇ ಇತ್ತು. ಸೂಜಿ ಒಂದೇ ತೂತಿನಲ್ಲಿ ನಲವತ್ತು ಸಲ ಕುಟ್ಟಿ, ಅಡಿಕೆಯಷ್ಟು ದಪ್ಪ ನೂಲಿನ ಗಂಟು ಕಟ್ಟಿತು.

"ಅಲ್ಲಿ ಯಾಕೆ ನಿಂತದ್ದು?"

"ಸ್ಟಾಪ್ ಉಂಟಲ್ಲ." ಗಂಟುಗಳ ಮೇಲೆ ಬೆರಳಾಡಿಸಿದರು. "ಇದು ಶಾಲೆ. ಇದು ಸೊಸೈಟಿ. ಇದು ಕುಂಞನ ಅಂಗಡಿ."

"ನಿಂತ ಮೇಲೆ ಕಾಲು ತೆಗೀಬಾರದಾ?"

"ಸ್ಟಾಪಿನಲ್ಲಿ ಯಾರಾದರೂ ಇಂಜಿನ್ ಆಫ್ ಮಾಡ್ತಾರಾ?"

ಚಿತ್ರಾ ಹೊಟ್ಟೆ ಹಿಡಿದು ನಕ್ಕಳು. ಮೂಲೆಯಲ್ಲಿ ಮುದ್ದೆಯಾಗಿ ಬಿದ್ದ ಸೀರೆಗಳು ಕಂಡವು, ನಗು ನಿಂತಿತು.

"ಕಲಿಯುವುದು ಮೋಹಿನಕ್ಕನ ಸೀರೆಯ ಮೇಲೆಯಾ ಕೂಸಪ್ಪಣ್ಣ? ಹಳೆ ಲುಂಗಿ ಇರಲಿಲ್ವಾ? ಇನ್ನೆಷ್ಟು ಉಂಟು?"

"ಒಂದು."

ಮತ್ತೆ ಒಂದು ತಿಂಗಳು ಖಾಕಿ ಅಂಗಿ, ಲುಂಗಿ, ಟವೆಲು, ದಿಂಬಿನ ಚೀಲ ಎಲ್ಲ ಮಿಷನ್ನಿಗೆ ಆಹಾರವಾದವು. ಉಟ್ಟ ಮುಂಡೊಂದು ಬಚಾವಾದದ್ದು ಸೊಂಟದಲ್ಲಿತ್ತೆಂಬ ಕಾರಣಕ್ಕೆ. ನಿಲ್ಲದೆ ಹೋಗುವುದು ಅವರಿಗೆ ಬಹಳ ಕಷ್ಟವಾಯಿತು. ಕೈ ಅಡ್ಡ ಹಿಡಿದು ನಿಂತವರನ್ನು ದಾರಿಯಲ್ಲಿ ಬಿಟ್ಟುಹೋದ ಹಾಗೆ ಪ್ರತಿ ಗೇಣಿಗೂ ಅನ್ನಿಸುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಕೊನೆಯ ಸೀರೆ ಹಾಸಿದರು. ನೀಲಿ ಚೌಕಳಿಯದು. ಗಂಜಿ ಕುಡಿಯಲೂ ಏಳದೆ ಮಧ್ಯಾಹ್ನದವರೆಗೆ ಹೊಲಿದರು. ಒಂದು ಗಂಟೂ ಬೀಳಲಿಲ್ಲ. ಆದರೆ ಇದೂ ಹೋದರೆ ಎಂಬ ಹೆದರಿಕೆಗೆ ಗೆರೆಯ ಪಕ್ಕ ಗೆರೆ, ಅದರ ಪಕ್ಕ ಮತ್ತೊಂದು. ಲಕ್ಷದ್ವೀಪವನ್ನು ಎಳೆದು ತಂದು ಶಿರಿಯದ ಕಡಲತೀರದಲ್ಲಿ ಕಟ್ಟಿಹಾಕುವಷ್ಟು ನೂಲು ಖರ್ಚಾಯಿತು. ಹೊದಿಕೆ ತಗಡಿನ ಹಾಗೆ ಬಿರುಸಾಗಿ, ಗೋಡೆಗೆ ಒರಗಿಸಿದರೆ ತನ್ನಷ್ಟಕ್ಕೆ ನಿಂತಿತು.

"ಒಂದೆರಡು ಸಲ ಒಗೆಯಿರಿ, ಮೆತ್ತಗಾಗ್ತದೆ" ಎಂದಳು ಚಿತ್ರಾ.

ವಾರ ಕಳೆದು, ತಾನೇ ಒಗೆದುಕೊಡುವ ಎಂದು ಸೋಪಿನ ಪುಡಿ ಹಿಡಿದು ಬಂದಾಗ ಹೊದಿಕೆ ಹಾಗೇ ಮಂಚದ ಮೇಲಿತ್ತು.

"ನೀರು ತೋರಿಸಲೇ ಇಲ್ವಾ?"

"ಬೇಡ ಚಿತ್ರಾ. ಮಧ್ಯಾಹ್ನ ಮಲಗಿದವ ಮಗ್ಗುಲು ತಿರುಗಿದರೆ ಅದು ಸರಕ್ ಅಂತದೆ. ಪಕ್ಕದಲ್ಲಿ ಇನ್ನೊಬ್ಬರು ತಿರುಗಿದ ಹಾಗೆ."

ಚಿತ್ರಾ ಪುಡಿಯ ಪೊಟ್ಟಣವನ್ನು ಸೆರಗಿನೊಳಗೆ ಹಾಕಿಕೊಂಡಳು. ಚಾ ಮಾಡಲಾ ಎಂದು ಕೇಳಿದಳು. ಅವರು ಬೇಡವೆಂದು ತಲೆಯಾಡಿಸಿ, ಹೊದಿಕೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಮಲಗಿದರು.