ಅರವತ್ತು ರೇಷ್ಮೆ ಮನೆ, ಒಂದೇ ಚುಕ್ಕೆ

ಎಲ್ಲವೂ ಕೊನೆಗೆ ಒಂದೇ ಬಿಂದುವನ್ನು ಸೇರುತ್ತದೆ ಎಂಬರ್ಥದ ಸಾಲೊಂದನ್ನು ಎಲ್ಲೋ ಓದಿದ ನೆನಪು. ಬರೆದವರು ಯಾವತ್ತಾದರೂ ನಕ್ಷೆ ಮಾಡಿದ್ದರೇ, ಸ್ನೇಹಿತರೇ? ಇವತ್ತು ಬೆಳಗ್ಗೆ ಅಕ್ಕೂರು ಕಡೆಯ ಅರವತ್ತು ರೇಷ್ಮೆ ಮನೆಗಳನ್ನು, ಅಂದರೆ ಹುಳು ಸಾಕುವ ಮನೆಗಳನ್ನು, ಕಂಪ್ಯೂಟರಿನ ನಕ್ಷೆಗೆ ಏರಿಸಿದೆ. ಬಂದದ್ದು ಒಂದೇ ಒಂದು ಚುಕ್ಕೆ.

ಮರಿಹುಳು ಸಾಕಿ ಕೊಡುವ ಹೊಸ ಕೇಂದ್ರ ಎಲ್ಲಿರಬೇಕೆಂದು ನಾಳೆ ರೇಷ್ಮೆ ಇಲಾಖೆಯವರು ಈ ನಕ್ಷೆ ನೋಡಿಯೇ ತೀರ್ಮಾನಿಸುತ್ತಾರೆ. ಒಂದು ಚುಕ್ಕೆ ಹಿಡಿದುಕೊಂಡು ಹೋಗಿ ಏನು ಹೇಳಲಿ? ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆಯೇ ನೋಡಿದೆ. ದಶಮಾಂಶಗಳು ಉದುರಿಹೋಗಿವೆಯೇ ನೋಡಿದೆ. ಊಟ ಬಿಟ್ಟು ಪ್ರೋಗ್ರಾಮನ್ನೇ ಮೂರು ಸಲ ಹೊಸದಾಗಿ ಬರೆದೆ. ಅದೇ ಚುಕ್ಕೆ. ಸರ್ವೆ ಮಾಡಿದ ನಾಗರಾಜುವಿಗೆ ಫೋನ್ ಮಾಡಿದರೆ, "ಲೊಕೇಷನ್ ಎಲ್ಲಾ ಕರೆಕ್ಟಾಗೈತೆ ಮೇಡಮ್. ಒಂದೊಂದ್ ಮನೇದೂ ನಾನೇ ಮೊಬೈಲಲ್ಲಿ ಬಟನ್ ಒತ್ತಿರೋದು. ನಿಮ್ ಸಾಫ್ಟ್‌ವೇರ್ ಒಸಿ ನೋಡ್ಕಳಿ" ಎಂದ.

ಸಂಜೆ ಪಕ್ಕದ ಮನೆಯ ಜಯಮ್ಮ ಬಾಗಿಲಲ್ಲಿ ನಿಂತು, "ಬೆಳಗಿಂದ ಯಾರನ್ನಕ್ಕ ಹಂಗ್ ಬಯ್ತಿದ್ದೀರಿ?" ಎಂದು ಕೇಳಿದರು. ಅವರ ತವರು ಅಕ್ಕೂರು. ನಡೆದದ್ದನ್ನೆಲ್ಲ ಹೇಳಿದೆ. ನಕ್ಕುಬಿಟ್ಟರು.

"ಹುಳ ಇರೋ ಮನೆ ಹತ್ರಕ್ಕೆ ಹೊರಗಿನೋರ್ನ ಯಾರ್ ಬುಟ್ಕತಾರಕ್ಕ? ಹುಳಕ್ಕೆ ರೋಗ ತಗಲ್ತದೆ ಅಂತ ಹೆದ್ರಿಕೆ. ಆ ಸರ್ವೆಯವ್ನ ಅರಳಿಕಟ್ಟೇಲಿ ಕೂರ್ಸಿ, ಕಾಪಿ ಕೊಟ್ಟು, ಒಬ್ಬೊಬ್ರೇ ಅಲ್ಲಿಗೇ ಬಂದು ಬರ್ಸಿರ್ತಾರೆ. ಅವ್ನೂ ಕೂತಲ್ಲೇ ಅರವತ್ತು ಸಲ ಬಟನ್ ಒತ್ತಿರ್ತಾನೆ. ನಿಮ್ ಕಂಪ್ಯೂಟ್ರು ಪಾಪ, ಇರೋದ್ನೇ ಹೇಳೈತೆ. ಸುಮ್‌ಸುಮ್ನೆ ಬಯ್ಸ್ಕೊಂತು ನೋಡಿ."