ಸುಣ್ಣ ಬಿದ್ದ ಹಿಪ್ಪುನೇರಳೆ ನಾರು

ಫೆಬ್ರವರಿ ೧೧, ಬೆಳಗ್ಗೆ ೬.೪೦. ಒಲೆ ಹಚ್ಚಿದೆ. ಹೊರಗೆ ಮಂಜಿತ್ತು.

ಶಿಡ್ಲಘಟ್ಟದಾಚೆ, ಚಿಂತಾಮಣಿ ರಸ್ತೆಯಲ್ಲಿ ರೇಷ್ಮೆ ಸಾಕುವ ಅಕ್ಕನೊಬ್ಬರ ಹುಳುಮನೆಯ ಪಕ್ಕದ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳ ಸಿಪ್ಪೆ ಸುಲಿದು, ಬೇಯಿಸಿ, ಕುಟ್ಟಿ ಕೈಯಿಂದಲೇ ಕಾಗದ ಮಾಡುತ್ತೇನೆ. ಸಿಪ್ಪೆ ಮೆತ್ತಗಾಗಲು ಕಾಸ್ಟಿಕ್ ಸೋಡಾ ಹಾಕುತ್ತಿದ್ದೆ. ಒಮ್ಮೆ ಆ ನೀರು ತೋಟಕ್ಕೆ ಹರಿದು ಹನ್ನೊಂದು ಗಿಡ ಸುಟ್ಟವು. ಕಾಸ್ಟಿಕ್ ಬಿಡಬೇಕು, ಇಲ್ಲವೇ ಯುಗಾದಿಯೊಳಗೆ ಕೋಣೆ ಬಿಡಬೇಕೆಂದು ಅಕ್ಕ ಹೇಳಿದರು. ತಪ್ಪು ನನ್ನದೇ. ಆದರೆ ಅಲೀಪುರದ ನಮ್ಮ ಮನೆಯಲ್ಲಿ ಒಂದು ತೊಟ್ಟಿ ಇಡುವಷ್ಟೂ ಜಾಗವಿಲ್ಲ. ಕೋಣೆ ಹೋದರೆ ಕೆಲಸವೂ ಹೋದಂತೆ.

ಕಾಲೇಜಿನ ಗೆಳತಿಯೊಬ್ಬಳು ಮಸಾಲೆ ಪದಾರ್ಥಗಳು ಕೆಡದಂತೆ ಅವಕ್ಕೆ ಗಾಮಾ ಕಿರಣ ಹಾಯಿಸುವ ಘಟಕದಲ್ಲಿದ್ದಳು. ಕಿರಣ ಹಾಯ್ದರೆ ನಾರಿನ ಬಿಗಿ ಸಡಿಲವಾಗುತ್ತದೆ, ಕಾಸ್ಟಿಕ್ ಇಲ್ಲದೆಯೂ ಬೇಯಬಹುದು ಎಂದವಳು ಅವಳೇ. ಅನುಮತಿ ಕೇಳಿ ನನ್ನ ಆರು ಕಟ್ಟುಗಳನ್ನು ಒಳಗಿಡಿಸಿದಳು. ಕಡಿಮೆ ಕಿರಣದ ಮೂರಕ್ಕೆ ಹಳದಿ ದಾರ, ಹೆಚ್ಚು ಕಿರಣದ ಮೂರಕ್ಕೆ ಕೆಂಪು. ಕಿರಣವೇ ಕಾಣದ ಮೂರು ಕಟ್ಟಿಗೆ ಬಿಳಿ ದಾರ ಸುತ್ತಿದೆ. ಕಿರಣ ಹಾಯ್ದು ಹೋಗುತ್ತದೆ, ನಾರಿನಲ್ಲಿ ಉಳಿಯುವುದಿಲ್ಲ ಎಂದು ಅಕ್ಕನಿಗೆ ವಿವರಿಸಿದ ಮೇಲೆ, ಒಂಬತ್ತನ್ನೂ ಹುಳುಮನೆಯಲ್ಲಿ ತಟ್ಟೆ ಜೋಡಿಸುವ ಅಟ್ಟಣೆಯ ಮೇಲೆ ಇಡಲು ಒಪ್ಪಿದರು. ಒಣಗಿದ ಜಾಗ ಇದ್ದದ್ದು ಅಲ್ಲೊಂದೇ. ಅಷ್ಟರಲ್ಲಿ ಗೆಳತಿ ಬೇರೆ ಕೆಲಸ ಹಿಡಿದು ದೂರ ಹೋದಳು. ಕಳಿಸಿದ ಮೆಸೇಜು ಏಳು, ಬಂದ ಉತ್ತರ ಒಂದು.

ಆ ಬೆಳಗ್ಗೆ ಮೂರು ಪಾತ್ರೆಯಲ್ಲಿ, ರಾತ್ರಿ ನೆನೆಸಿಟ್ಟ ಒಂದೊಂದು ಬಣ್ಣದ ಕಟ್ಟನ್ನು ಬರಿ ನೀರಿನಲ್ಲಿ ಬೇಯಲಿಟ್ಟೆ. ಬಿಳಿ ದಾರದ್ದು ಗಟ್ಟಿಯಾಗಿಯೇ ಉಳಿಯಬೇಕಿತ್ತು. ೮.೪೦ಕ್ಕೆ ನೋಡಿದರೆ ಮೂರೂ ಉಗುರಿಗೆ ಎಳೆಎಳೆಯಾಗಿ ಬಂದವು. ಮೂರರ ನೀರೂ ಹಾಲಿನಂತಿತ್ತು.

ಹುಳುಮನೆಯ ಬಾಗಿಲಲ್ಲಿ ನಿಂತು, ನಾರಿಗೆ ಏನಾದರೂ ಹಾಕಿದಿರಾ ಎಂದು ಅಕ್ಕನನ್ನು ಕೇಳಿದೆ.

"ಹುಳ ಜ್ವರಕ್ಕೆ ಕೂತಿತ್ತಲ್ಲಮ್ಮ, ತಟ್ಟೆಗೆಲ್ಲ ಸುಣ್ಣ ಹಾಕ್ತಿದ್ದೆ. ನಿನ್ನ ನಾರು ಯಾಕೆ ಬೂಷ್ಟು ಹಿಡೀಲಿ ಅಂತ ಅದಕ್ಕೂ ಹಿಡಿಹಿಡಿ ಉದುರಿಸ್ದೆ."

ಹುಳು ಪೊರೆ ಬಿಡುವ ಮುನ್ನ ಮೇವು ನಿಲ್ಲಿಸಿ ಸುಮ್ಮನಿರುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಆಗ ತೇವ ಕೂಡದೆಂದು ಸುಣ್ಣದ ಪುಡಿ ಹಾಕುವುದು ವಾಡಿಕೆ. ಒಂಬತ್ತಕ್ಕೂ ಬಿದ್ದಿತ್ತು. ಬೆಂದದ್ದು ಕಿರಣದಿಂದಲೋ ಸುಣ್ಣದಿಂದಲೋ ಇನ್ನು ಹೇಳುವಂತಿಲ್ಲ ಎಂದೆ. ಅಕ್ಕ ತಟ್ಟೆ ಕೆಳಗಿಟ್ಟರು.

"ಕಿರಣ ಕಾಣದಿದ್ದದ್ದೂ ಬೆಂತಲ್ಲ? ಹಂಗಾದ್ರೆ ಸುಣ್ಣದಲ್ಲೇ ಮಾಡ್ಕೋ. ನೀರನ್ನ ಪಾತಿಗೆ ಬಿಡಬೇಡ, ಆಚೆ ಗುಂಡಿ ತೋಡ್ಕೋ. ಕೋಣೆ ಯಾಕ್ ಬಿಡ್ತೀಯ."

ಗುಂಡಿ ತೋಡಿದೆ. ಕೋಣೆ ಉಳಿಯಿತು. ಹಾಳೆ ಒಣಗಿದ ಮೇಲೆ, ಹರಿಯುವವರೆಗೆ ಮಡಚಿ ಎಣಿಸಿದೆ: ಬಿಳಿ ೪೧, ಹಳದಿ ೩೮, ಕೆಂಪು ೬. ಹೆಚ್ಚು ಕಿರಣ ನಾರನ್ನು ಪೆಡಸು ಮಾಡಿತೆಂದು ಊಹೆ. ಇದನ್ನು ಗೆಳತಿಗೆ ಎಂಟನೆಯ ಮೆಸೇಜಾಗಿ ಕಳಿಸಿದೆ. ನಾರಿನ ಮಾತು ಅರ್ಥವಾಗುವವಳು ನನಗೆ ಅವಳೊಬ್ಬಳೇ ಇದ್ದಳು. ಅಕ್ಕ ಕೇಳಿಸಿಕೊಳ್ಳುತ್ತಾರೆ, ಆದರೆ ಹುಳು ಜ್ವರದಿಂದೆದ್ದು ಮೇವಿಗೆ ಬಿದ್ದರೆ ಅವರಿಗೆ ಪುರುಸೊತ್ತಿಲ್ಲ.

ಬೇಯಿಸದೆ ಉಳಿದ ಆರು ಕಟ್ಟು ಹಾಗೇ ಇವೆ. ಒಣ ಸುಣ್ಣ ಬಿದ್ದ ನಾರನ್ನು ತೊಳೆದು ಮತ್ತೆ ಪರೀಕ್ಷಿಸಬಹುದೇ, ಕಿರಣ ಹಾಯ್ದ ನಾರು ಇಟ್ಟಷ್ಟು ದಿನವೂ ಬಲ ಕಳೆದುಕೊಳ್ಳುತ್ತದೆಯೇ? ತಿಳಿದವರು ಎರಡು ಸಾಲು ಬರೆಯಿರಿ; ಅಲ್ಲಿಯವರೆಗೂ ನಾನು ಆ ಕಟ್ಟುಗಳ ದಾರ ಬಿಚ್ಚುವುದಿಲ್ಲ.